ಕೆರೆಯಲ್ಲಿ ಸಿಕ್ಕಿಕೊಂಡ ಪಾತಾಳಗರಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಎಳೆಯುವ ಗಿರಾಕಿ. ಮೇಜಿನ ಡ್ರಾಯರು ಅರ್ಧಕ್ಕೆ ಸಿಕ್ಕಿ ನಿಂತರೆ ಒಂದು ಸಲ ಒಳಕ್ಕೆ ತಳ್ಳಿ ನೋಡೋಣವೆಂದು ನನಗೆ ಹೊಳೆಯುವುದೇ ಇಲ್ಲ. ಹಿಡಿ ಕಿತ್ತು ಕೈಗೆ ಬರುವವರೆಗೂ ಎಳೆಯುತ್ತೇನೆ. ನಮ್ಮ ಮನೆಯ ಡ್ರಾಯರುಗಳಿಗೆಲ್ಲ ಹಿಡಿಯ ಬದಲು ಸುತಲಿ ದಾರ ಕಟ್ಟಿರುವುದು ಈ ಕಾರಣಕ್ಕೆ. ಸ್ವೆಟರಿನ ಜಿಪ್ಪು, ಬೆರಳಿಗೆ ಬಿಗಿಯಾದ ಉಂಗುರ, ಗೋಡೆಯ ಮೊಳೆ, ಎಲ್ಲದಕ್ಕೂ ನನ್ನ ಬಳಿ ಇರುವುದು ಒಂದೇ ಔಷಧಿ. ವಾದದಲ್ಲಿಯೂ ಅಷ್ಟೆ. "ನಿಮ್ಮ ಕೈಗೆ ಸಿಕ್ಕಿದ್ದು ಒಂದೋ ಬರುತ್ತೆ, ಇಲ್ಲಾ ಮುರಿಯುತ್ತೆ" ಎಂದು ನನ್ನ ಹೆಂಡತಿ ಹೇಳುತ್ತಾಳೆ. ಬಂದದ್ದಕ್ಕಿಂತ ಮುರಿದದ್ದೇ ಹೆಚ್ಚು ಎಂಬುದನ್ನು ಅವಳು ಹೇಳುವುದಿಲ್ಲ, ಅದು ಅವಳ ದೊಡ್ಡ ಗುಣ.

ತಮಾಷೆಯೆಂದರೆ, ಇದೇ ನಾನು ಇಪ್ಪತ್ತೇಳು ವರ್ಷದಿಂದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬಲವೆಂದರೆ ಬರೀ ಜೋರಲ್ಲ, ಅದಕ್ಕೊಂದು ದಿಕ್ಕೂ ಇರುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಹಾಕಿ ಹಾಕಿ ಎಷ್ಟು ಸೀಮೆಸುಣ್ಣ ಸವೆಸಿದ್ದೇನೋ ಲೆಕ್ಕವಿಲ್ಲ. ಪಾಠ ಮಾಡುವವನಿಗೂ ಪಾಠಕ್ಕೂ ಸಂಬಂಧವಿರಬೇಕೆಂದು ಯಾವ ನಿಯಮದಲ್ಲೂ ಬರೆದಿಲ್ಲ, ಅದರಿಂದ ಬಚಾವಾಗಿದ್ದೇನೆ.

ತೇಲುವ ವಸ್ತುಗಳ ಪಾಠಕ್ಕೆ ನಾನು ಪ್ರತಿ ವರ್ಷ ಒಂದು ಹಡಗನ್ನೂ ಅದರ ಲಂಗರನ್ನೂ ಬರೆಯುತ್ತೇನೆ. ಹಡಗು ಹಾಗಿರಲಿ, ಐವತ್ತೆಂಟು ವರ್ಷ ವಯಸ್ಸಾಗುವವರೆಗೆ ನಾನು ಒಂದು ತೆಪ್ಪವನ್ನೂ ಹತ್ತಿದವನಲ್ಲ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನವರಿಗೆ ನೀರು ಎಂದರೆ ಸೇದುವಂಥದ್ದು, ಹೊರುವಂಥದ್ದು, ಈಚೆಗೆ ಮೋಟಾರು ಹಾಕಿ ಕಾಯುವಂಥದ್ದು. ಅದರ ಮೇಲೆ ಹತ್ತಿ ಕೂರಬಹುದೆಂಬುದು ನಮ್ಮ ಕಲ್ಪನೆಗೆ ಸ್ವಲ್ಪ ದೂರ. ನಾನು ಐ.ಡಿ.ಹಳ್ಳಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ ಹಡಗಿನ ಚಿತ್ರ ಬರೆದು ಮುಗಿಸಿದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು, "ಸಾ, ಹಡಗ್ನೋರು ಪಿಕಾಸಿ ಯಾಕೆ ನೇತಾಕ್ಕೊಂಡವ್ರೆ?" ಎಂದು ಕೇಳಿದಳು. ಅವಳು ಲಂಗರನ್ನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ. ಆದರೂ ವಿವರವಾಗಿ ಉತ್ತರ ಹೇಳಿದೆ.

ಇಷ್ಟು ಅರ್ಹತೆಯಿದ್ದ ನಾನು ಹೋದ ವರ್ಷ ನೌಕಾಯಾನಕ್ಕೆ ಇಳಿದೆ. ಕಳ್ಳಂಬೆಳ್ಳ ಹೋಬಳಿಯ ನಮ್ಮೂರಿನ ಕೆರೆ ಬಹಳ ಕಾಲ ಖಾಲಿ ಬಿದ್ದಿತ್ತು. ಅಂಗಳದ ತುಂಬ ಜಾಲಿ ಬೆಳೆದು, ಅದರ ನಡುವೆ ಕಾಲುದಾರಿ ಬಿದ್ದು, ಕೆರೆಯೆನ್ನುವುದು ಮಾತಿಗೆ ಮಾತ್ರ ಕೆರೆಯಾಗಿತ್ತು. ಆಮೇಲೆ ಕಾಲುವೆಯ ನೀರೂ ಬಂತು, ಮೇಲಿನಿಂದ ಮಳೆಯೂ ಬಂತು. ಆಳೆತ್ತರ ಬೆಳೆದ ಜಾಲಿ ಮರಗಳನ್ನು ಕಡಿಯಲು ಯಾರಿಗೂ ಪುರಸೊತ್ತಾಗುವ ಮೊದಲೇ ಕೆರೆ ಅವುಗಳನ್ನು ಹಾಗೆಯೇ ನುಂಗಿ ತುಂಬಿಕೊಂಡಿತು. ಮೇಲೆ ನೋಡಿದರೆ ಕನ್ನಡಿ, ಕೆಳಗೆ ಪೂರಾ ಮುಳ್ಳಿನ ಕಾಡು.

ಆ ಕೆರೆಯಲ್ಲಿ ಮೀನು ಹಿಡಿಯಲು ಶಿರಾದಿಂದ ಬಾಬಣ್ಣ ಬರುತ್ತಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು, ತೆಳ್ಳನೆಯ ಮನುಷ್ಯ. ಬಿದಿರಿನ ಬುಟ್ಟಿಗೆ ಟಾರು ಬಳಿದ ಚೀಲ ಹೊದಿಸಿದ ದುಂಡನೆಯ ತೆಪ್ಪ ಅವನದು. ಭಾನುವಾರ ಕಾರಿನಲ್ಲಿ ಊರಿಗೆ ಹೋಗಿ ಅವನ ಜೊತೆ ಕೂತು ಗಾಳ ಹಾಕುವುದು ನನಗೊಂದು ಹುಚ್ಚಾಯಿತು. ತೆಪ್ಪ ಒಂದು ಕಡೆ ನಿಲ್ಲಲೆಂದು ಅವನು ಹಗ್ಗಕ್ಕೆ ಒಂದು ಗುಂಡುಕಲ್ಲು ಕಟ್ಟಿ ನೀರಿಗೆ ಬಿಡುತ್ತಿದ್ದ. ಗಾಳಿ ಬೀಸಿದರೆ ಕಲ್ಲು ಜಾರುತ್ತಿತ್ತು, ಜೊತೆಗೆ ನಾವೂ. ಮೇಷ್ಟ್ರ ಬುದ್ಧಿ ಸುಮ್ಮನಿರುತ್ತದೆಯೇ? "ಬಾಬಣ್ಣ, ಕಲ್ಲಿಗೆ ಹಿಡಿತ ಇಲ್ಲ. ಕೊಕ್ಕೆ ಇರೋ ಲಂಗರು ಬೇಕು" ಎಂದೆ. ಕೋನ, ಘರ್ಷಣೆ, ದಿಕ್ಕು ಎಂದೆಲ್ಲ ತೆಪ್ಪದಲ್ಲಿಯೇ ಅರ್ಧ ಗಂಟೆ ಪಾಠ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಕಲ್ಲೇ ಅಚ್ಚಾ ಸಾರ್" ಎಂದಷ್ಟೇ ಹೇಳಿ ಬೀಡಿ ಹಚ್ಚಿದ. ಇದು ಓದದವರ ಮೊಂಡುತನವೆಂದು ತೀರ್ಮಾನಿಸಿದೆ.

ಈಗ ಲಂಗರಿಗೆ ಎಲ್ಲಿಗೆ ಹೋಗುವುದು? ನಮ್ಮ ಸೀಮೆಯಲ್ಲಿ ಲಂಗರಿಗೆ ತೀರ ಹತ್ತಿರದ ನೆಂಟ ಒಂದೇ, ಪಾತಾಳಗರಡಿ. ಕಬ್ಬಿಣದ ಬಳೆಯೊಂದರ ಸುತ್ತ ಹತ್ತಾರು ಕೊಕ್ಕೆಗಳು ಜೋತಾಡುವ ಆ ಸಾಮಾನನ್ನು ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟರೆ ಬಿದ್ದ ಬಿಂದಿಗೆ, ಕಳಚಿದ ಕೊಡ ಎಲ್ಲವೂ ಕಚ್ಚಿಕೊಂಡು ಮೇಲೆ ಬರುತ್ತಿದ್ದವು. ಬಾವಿಗಳು ಹೋದವು, ಗರಡಿಗಳೂ ಗುಜರಿಗೆ ಹೋದವು. ನಮ್ಮೂರಿನಲ್ಲಿ ಉಳಿದಿದ್ದ ಒಂದೇ ಒಂದು ಗರಡಿ ಇದ್ದದ್ದು ನನ್ನ ಅಕ್ಕ ಕೆಂಪಕ್ಕನ ಮನೆಯ ಕೊಟ್ಟಿಗೆಯಲ್ಲಿ. ಅದನ್ನು ವಾಸದ ಮನೆಯೊಳಗೆ ಇಡಬಾರದೆಂದು ನಂಬಿಕೆ. ಅವಳ ಅತ್ತೆಯ ಕಾಲದಲ್ಲಿ ಆ ಗರಡಿ ಎಷ್ಟೋ ಮನೆಯ ಗುಟ್ಟುಗಳನ್ನೂ ಮೇಲೆ ತಂದಿತ್ತಂತೆ. ಒಮ್ಮೆ ಬಿಂದಿಗೆಗೆಂದು ಬಿಟ್ಟರೆ, ಯಾವ ಸೊಸೆಯೋ ಸಿಟ್ಟಿನಲ್ಲಿ ಎಸೆದಿದ್ದ ಬೀರುವಿನ ಬೀಗದ ಕೈ ಗೊಂಚಲು ಬಂತಂತೆ. ಅದು ಯಾರದೆಂದು ಊರಿಗೆಲ್ಲ ಗೊತ್ತಿದ್ದರೂ ನಮ್ಮದೆಂದು ಯಾರೂ ಮುಂದೆ ಬರಲಿಲ್ಲವಂತೆ.

ಈ ಗರಡಿಯನ್ನು ಬರಿಗೈಯಲ್ಲಿ ಯಾರೂ ಕೊಡುವುದಿಲ್ಲ. ಕೊಂಡೊಯ್ಯುವವರು ತಮ್ಮ ಮನೆಯ ಒಂದು ಪಾತ್ರೆಯನ್ನು ಒತ್ತೆಯಿಟ್ಟು ಹೋಗಬೇಕು, ಗರಡಿ ತಂದುಕೊಟ್ಟು ಪಾತ್ರೆ ಬಿಡಿಸಿಕೊಳ್ಳಬೇಕು. ಅಣ್ಣತಮ್ಮಂದಿರಾದರೂ ಸರಿ, ಊರಿನ ಪಟೇಲರಾದರೂ ಸರಿ. ಇದು ಅಪನಂಬಿಕೆಯಲ್ಲ. ಒತ್ತೆಯಲ್ಲಿ ಕೊಟ್ಟವರು ದೊಡ್ಡವರಾಗುವುದಿಲ್ಲ, ಇಟ್ಟುಕೊಂಡವರು ಸಣ್ಣವರಾಗುವುದಿಲ್ಲ. ದಾನವೂ ಅಲ್ಲದ, ಸಾಲವೂ ಅಲ್ಲದ ಇಂಥ ಒಂದು ಸಲೀಸಾದ ದಾರಿಯನ್ನು ಹಳಬರು ಹೇಗೆ ಕಂಡುಹಿಡಿದರೋ ಎಂದು ಈಗ ಯೋಚಿಸುತ್ತೇನೆ. ಆವತ್ತು ಯೋಚಿಸಿರಲಿಲ್ಲ.

ಅಕ್ಕನ ಮನೆಗೆ ಹೋಗಿ ಗರಡಿ ಕೇಳುವುದು ನನಗೆ ಅಷ್ಟು ಸುಲಭದ ಕೆಲಸವಾಗಿರಲಿಲ್ಲ. ಎಂಟು ವರ್ಷದ ಹಿಂದೆ ಅವ್ವ ತೀರಿಕೊಂಡಳು. ತಿಥಿಯೆಲ್ಲ ಮುಗಿದ ಮೇಲೆ ಅವಳ ಸಾಮಾನು ಹಂಚಿಕೊಳ್ಳುವಾಗ ಅಕ್ಕ ಕೇಳಿದ್ದು ಒಂದೇ, ಅವ್ವ ನೀರು ಕುಡಿಯುತ್ತಿದ್ದ ತಾಮ್ರದ ಚೊಂಬು. ನಾನು ಕೊಡಲಿಲ್ಲ. ಅದು ನನಗೂ ಬೇಕಾಗಿತ್ತು. ಬೇಕು ಎಂದಷ್ಟೇ ಹೇಳಿದ್ದರೆ ಅಕ್ಕ ಬಿಟ್ಟುಕೊಡುತ್ತಿದ್ದಳು. ನಾನು ನೆಂಟರೆಲ್ಲರ ಮುಂದೆ, "ನಿಮ್ಮನೇಲಿ ಚೊಂಬಿಗೂ ಗತಿ ಇಲ್ವೇನಕ್ಕ?" ಎಂದುಬಿಟ್ಟೆ. ಅಕ್ಕ ಚೊಂಬನ್ನು ನನ್ನ ಮುಂದೆ ಇಟ್ಟು, "ತಗಳಿ ಮೇಷ್ಟ್ರೇ" ಎಂದಳು. ಅಲ್ಲಿಯವರೆಗೆ ನಾನು ಅವಳಿಗೆ "ಲೇ ನಾಗ" ಆಗಿದ್ದೆ. ಅವತ್ತಿನಿಂದ ಮೇಷ್ಟ್ರಾದೆ. ಜಗಳವಿಲ್ಲ, ಮಾತು ಬಿಟ್ಟಿಲ್ಲ. ಹೋದರೆ ಕುರ್ಚಿ ಹಾಕುತ್ತಾಳೆ, ಕಾಫಿ ಕೊಡುತ್ತಾಳೆ, "ಎಲ್ಲಾರೂ ಚೆಂದಾಗವ್ರಾ ಮೇಷ್ಟ್ರೇ?" ಎಂದು ಕೇಳುತ್ತಾಳೆ. ಹೆತ್ತವ್ವನಂತೆ ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಮ್ಮನ್ನು ಬಹುವಚನದಲ್ಲಿ ಮಾತನಾಡಿಸಿದರೆ ಎಷ್ಟು ಉರಿಯುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು.

ಗರಡಿ ಕೇಳಿದೆ. ಅಕ್ಕ ಕೊಟ್ಟಿಗೆಯಿಂದ ತಂದು ಜಗಲಿಯ ಮೇಲಿಟ್ಟಳು. ಎತ್ತಿಕೊಳ್ಳಲು ಹೋದರೆ, "ಪಾತ್ರೆ ಇಟ್ಟೋಗಿ ಮೇಷ್ಟ್ರೇ" ಎಂದಳು. ನನ್ನ ನೀರಿನ ಬಾಟಲಿ ತೋರಿಸಿದೆ. "ಪ್ಲಾಸ್ಟಿಕ್ ನಡೆಯಾಕಿಲ್ಲ." ಕಾರಿನಲ್ಲಿ ಬೇರೇನೂ ಇರಲಿಲ್ಲ, ಒಂದನ್ನು ಬಿಟ್ಟು. ತಾಮ್ರದ ಪಾತ್ರೆಯ ನೀರು ಆರೋಗ್ಯಕ್ಕೆ ಒಳ್ಳೆಯದೆಂದು ಯಾರೋ ಮೊಬೈಲಿಗೆ ಕಳಿಸಿದ ಬುದ್ಧಿವಾದ ಓದಿ, ಅವ್ವನ ಚೊಂಬಿಗೆ ಸ್ಟೀಲ್ ಡಬ್ಬದ ಮುಚ್ಚಳ ಒತ್ತಿ, ನನ್ನ ಹೆಂಡತಿ ದಿನವೂ ಕಾರಿನಲ್ಲಿ ಇಟ್ಟು ಕಳಿಸುತ್ತಿದ್ದಳು. ಎರಡು ಗಂಟೆಯ ಮಾತು ತಾನೇ ಎಂದುಕೊಂಡು ನೀರನ್ನು ನುಗ್ಗೆಗಿಡಕ್ಕೆ ಸುರಿದು ಚೊಂಬು ಕೊಟ್ಟೆ. ಅಕ್ಕ ಎರಡೂ ಕೈಯಲ್ಲಿ ತೆಗೆದುಕೊಂಡಳು. ಹಾಗೆಯೇ ಹಿಡಿದುಕೊಂಡು ಒಳಗೆ ಹೋದಳು. ನನಗೆ ಆಗಲೂ ತಲೆಯಲ್ಲಿ ಇದ್ದದ್ದು ಕೋನ ಮತ್ತು ಘರ್ಷಣೆ.

ಗರಡಿಯನ್ನು ಕೆರೆಯ ನಡುವೆ ಬಿಟ್ಟೆವು. ಅದ್ಭುತವಾಗಿ ಹಿಡಿಯಿತು. ಗಾಳಿ ಬೀಸಿದರೂ ತೆಪ್ಪ ಗೂಟಕ್ಕೆ ಕಟ್ಟಿದ ಹಸುವಿನಂತೆ ಅಲ್ಲಿಯೇ ನಿಂತಿತ್ತು. ಬಾಬಣ್ಣನ ಕಡೆ ನೋಡಿ ನಕ್ಕೆ. ಅವನು ನಗಲಿಲ್ಲ. ಬಿಸಿಲೇರಿದ ಮೇಲೆ ಹೊರಡೋಣವೆಂದು ಹಗ್ಗ ಎಳೆದೆ. ಬರಲಿಲ್ಲ. ಜೋರಾಗಿ ಎಳೆದೆ. ತೆಪ್ಪ ನನ್ನ ಕಡೆಗೆ ವಾಲಿತು. ಎದ್ದು ನಿಂತು ಎಳೆದೆ. ಅಂಚಿನಿಂದ ನೀರು ಒಳಕ್ಕೆ ನುಗ್ಗಿತು. ನಾನು ಗರಡಿಯನ್ನು ಮೇಲೆತ್ತುತ್ತಿದ್ದೇನೋ ಅದು ನಮ್ಮನ್ನು ಕೆಳಗಿಳಿಸುತ್ತಿದೆಯೋ ಗೊತ್ತಾಗದಂತಾಯಿತು. "ಯಾ ಅಲ್ಲಾ! ಬುಡಿ ಸಾರ್, ಬುಡಿ! ಕೆರೇನೇ ಎತ್ತಂಗಿದೀರಲ್ಲ!" ಎಂದು ಬಾಬಣ್ಣ ಕೂಗಿದ ಮೇಲೆ ಬಿಟ್ಟೆ. ಅಂಗೈಯ ಚರ್ಮ ಹಗ್ಗಕ್ಕೆ ಹೋಗಿತ್ತು. ಕೊನೆಗೆ ಹಗ್ಗದ ತುದಿಗೆ ಹಳದಿ ಬಣ್ಣದ ಖಾಲಿ ಎಣ್ಣೆ ಕ್ಯಾನು ಕಟ್ಟಿ ಗುರುತಿಗೆಂದು ತೇಲಿಬಿಟ್ಟು ಬಂದೆವು.

ಕಚ್ಚುವುದಕ್ಕೆಂದೇ ಹುಟ್ಟಿದ ಸಾಮಾನನ್ನು ಮುಳ್ಳಿನ ಕಾಡಿಗೆ ಬಿಟ್ಟು, ಅದು ಕಚ್ಚಿಕೊಂಡಿತೆಂದು ಗೋಳಾಡುವುದು ನಮ್ಮಂಥ ಒಣ ಸೀಮೆಯವರಿಗೆ ಮಾತ್ರ ಸಾಧ್ಯ. ಕಲ್ಲು ಜಾರುತ್ತದೆ ಎಂಬುದನ್ನು ನಾನು ಅದರ ದೋಷವೆಂದು ತಿಳಿದಿದ್ದೆ. ಜಾರುತ್ತದೆ ಎಂದೇ ಬಾಬಣ್ಣ ಅದನ್ನು ಕಟ್ಟುತ್ತಿದ್ದ.

ಅಕ್ಕನಿಗೆ ಹೇಳಿದೆ. "ಅಂಗಾದ್ರೆ ಚೊಂಬು ಇಲ್ಲೇ ಇರ್ಲಿ ಮೇಷ್ಟ್ರೇ. ಗರಡಿ ಬಂದಾಗ ತಗಂಡೋಗಿ" ಎಂದಳು. ಅವಳ ಮಾತಿನಲ್ಲಿ ಒಂದು ಕೊಂಕೂ ಇರಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂತು. ಮನೆಗೆ ಬರುವ ದಾರಿಯುದ್ದಕ್ಕೂ, ಸ್ವಂತ ತಮ್ಮನ ಹತ್ತಿರ ಒತ್ತೆಯೇ ಎಂದು ಕುದಿಯುತ್ತಿದ್ದೆ. ಅವ್ವನ ಚೊಂಬು ಕೈಬಿಟ್ಟು ಹೋಯಿತಲ್ಲ ಎಂದು ನಿಜವಾಗಿ ಸಂಕಟವಾಯಿತು. ಹೇಗಾದರೂ ಮಾಡಿ ಗರಡಿ ಕೀಳಲೇಬೇಕು, ಚೊಂಬು ಬಿಡಿಸಿಕೊಳ್ಳಲೇಬೇಕು ಎಂದು ಹಟ ಹಿಡಿದೆ.

ಎರಡನೆಯ ಭಾನುವಾರ ಉದ್ದನೆಯ ನೈಲಾನ್ ಹಗ್ಗ ಕೊಂಡೊಯ್ದೆ. ಅದನ್ನು ಕ್ಯಾನಿನ ಹಗ್ಗಕ್ಕೆ ಸೇರಿಸಿ ಏರಿಯ ಮೇಲೆ ನಿಂತು ನಾಲ್ಕು ಜನ ಎಳೆದೆವು. ಹಗ್ಗ ಟೊಪ್ಪೆಂದು ಗಂಟಿನಲ್ಲಿ ಕಳಚಿಕೊಂಡು ನಾಲ್ಕೂ ಜನ ಒಬ್ಬರ ಮೇಲೊಬ್ಬರು ಬಿದ್ದೆವು. ಬಾಬಣ್ಣ ದೂರದಲ್ಲಿ ಕುಕ್ಕರಗಾಲಿನಲ್ಲಿ ಕೂತು ಬೀಡಿ ಸೇದುತ್ತಿದ್ದ.

ಆ ದಿನ ಮೈಕೈ ಮಣ್ಣು ಮಾಡಿಕೊಂಡು ಅಕ್ಕನ ಮನೆಗೆ ಹೋದಾಗ ಚೊಂಬನ್ನು ನೋಡಿದೆ. ಇಷ್ಟು ವರ್ಷ ಖಾಲಿಯಿದ್ದ ನಡುಮನೆಯ ಗೂಡಿನಲ್ಲಿ, ಅವ್ವ ಇಡುತ್ತಿದ್ದಂಥದ್ದೇ ಜಾಗದಲ್ಲಿ, ಬಾಯಿಗೆ ಒಂದು ಪುಟ್ಟ ತಟ್ಟೆ ಮುಚ್ಚಿಕೊಂಡು ಕೂತಿತ್ತು. ನನಗೆ ಗುರುತೇ ಸಿಗಲಿಲ್ಲ. ನನ್ನ ಮನೆಯಲ್ಲಿ ಅದು ಕಪ್ಪಾಗಿತ್ತು. ಅಕ್ಕ ಹುಣಸೇಹಣ್ಣು ಹಾಕಿ ತಿಕ್ಕಿ ತಿಕ್ಕಿ ಹೊಸ ತಾಮ್ರದ ಕೆಂಪು ತಂದಿದ್ದಳು. ಸೊಂಟದ ಹತ್ತಿರ ಇದ್ದ ನಗ್ಗು ಕೂಡ ಹೊಳೆಯುತ್ತಿತ್ತು. ನಾನು ನೋಡುತ್ತಿರುವುದನ್ನು ಗಮನಿಸದೆ ಅಕ್ಕ ಒಳಗೆ ಬಂದು, ತಟ್ಟೆ ಸರಿಸಿ, ಚೊಂಬೆತ್ತಿ, ಕತ್ತು ಹಿಂದಕ್ಕೆ ಚಾಚಿ, ಬಾಯಿಗೆ ತಾಕಿಸದೆ ಗಟಗಟನೆ ನೀರು ಕುಡಿದಳು. ಕುಡಿದ ಮೇಲೆ ಚೊಂಬಿನ ಹೊಟ್ಟೆಯನ್ನು ಸೆರಗಿನಿಂದ ಒರೆಸಿದಳು. ಥೇಟ್ ಅವ್ವ. ಕಾಫಿ ಬೇಡವೆಂದು ಎದ್ದು ಬಂದೆ.

ಆ ವಾರ ಸ್ಟಾಫ್ ರೂಮಿನಲ್ಲಿ ನನ್ನ ಸಾಹಸ ಹೇಳಿಕೊಂಡೆ. ಚೊಂಬಿನ ಭಾಗ ಬಿಟ್ಟು. ನಮ್ಮ ಡ್ರಾಯಿಂಗ್ ಮೇಷ್ಟ್ರು ವೈ.ಎನ್.ಹೊಸಕೋಟೆಯವರು, ಮಾತಿನ ನಡುವೆ ತೆಲುಗು ಇಣುಕುತ್ತದೆ. "ಅಯ್ಯೋ ರಾಮಾ, ನಾಗರಾಜಣ್ಣಾ, ನೀವು ಕಡ್ಲೇಕಾಯಿ ಗಿಡ ಕಿತ್ತಿಲ್ಲೇನು? ನೆಲ ಬಿಗಿ ಇದ್ದಾಗ ಜೋರು ಮಾಡಿದ್ರೆ ಗಿಡ ಕೈಗೆ ಬತ್ತೈತೆ, ಕಾಯೆಲ್ಲಾ ಭೂಮ್ಯಾಗೇ ಉಳ್ಕಂತಾವು. ಕೊಂಚೆಂ ಸಡ್ಲ ಆಗಾಕೆ ಬಿಡ್ಬೇಕಣ್ಣಾ" ಎಂದರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಕೈಗೆ ಬಂದ ಗಿಡ, ನೆಲದಲ್ಲಿ ಉಳಿದ ಕಾಯಿ. ಎಂಟು ವರ್ಷದಿಂದ ಚೊಂಬು ನನ್ನ ಕೈಯಲ್ಲಿತ್ತು.

ಮೂರನೆಯ ಭಾನುವಾರ ಬಾಬಣ್ಣನ ಪಕ್ಕ ಕೂತು ಕೇಳಿದೆ, "ಇದನ್ನ ಬಿಡಿಸೋದು ಹೆಂಗೆ ಬಾಬಣ್ಣ?" ಅವನು ಬೀಡಿ ಆರಿಸಿದ. "ಅದು ಕಚ್ಚಿರೋ ಕಡೆಯಿಂದ್ಲೇ ಎಳೆದ್ರೆ ಇನ್ನೂ ಕಚ್ಚತೈತೆ ಸಾರ್. ಜಬರ್ದಸ್ತಿ ನಡೆಯಾಕಿಲ್ಲ. ಮೊದ್ಲು ಹಗ್ಗ ಸಡ್ಲ ಬುಡ್ಬೇಕು. ಆಮೇಲೆ ತೆಪ್ಪಾನ ಅದ್ರ ಮೇಲಿಂದ ದಾಟಿಸ್ಕೊಂಡು ಆ ಕಡೆಗೆ ಹೋಗಿ, ಅಲ್ಲಿಂದ ಜರಾ ಎಳೀಬೇಕು." ಮೊದಲ ದಿನವೇ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ನೀವು ಕೇಳ್ಲಿಲ್ಲ. ಮೇಷ್ಟ್ರಲ್ವಾ, ಅದ್ಕೆ ನಾನೂ ಹೇಳ್ಲಿಲ್ಲ" ಎಂದ.

ಹಾಗೆಯೇ ಮಾಡಿದೆವು. ಹಗ್ಗವನ್ನು ಪೂರ್ತಿ ಸಡಿಲ ಬಿಟ್ಟೆ. ಅದು ನನ್ನ ಪಾಲಿಗೆ ಎಳೆಯುವುದಕ್ಕಿಂತ ಕಷ್ಟದ ಕೆಲಸ, ಕೈ ತಾನಾಗಿಯೇ ಬಿಗಿ ಮಾಡುತ್ತಿತ್ತು. ಬಾಬಣ್ಣ ಹುಟ್ಟು ಹಾಕುತ್ತ ತೆಪ್ಪವನ್ನು ಗರಡಿಯ ಮೇಲಿಂದ ದಾಟಿಸಿ ಇನ್ನೊಂದು ಕಡೆಗೆ ತಂದು ನಿಲ್ಲಿಸಿದ. ಅಲ್ಲಿಂದ ನೋಡಿದರೆ ನಮ್ಮೂರೇ ಬೇರೆ ಥರ ಕಾಣುತ್ತಿತ್ತು. ಅಕ್ಕನ ಮನೆ ಮುಂದೆ, ನಾವು ಯಾವಾಗಲೂ ನಿಲ್ಲುತ್ತಿದ್ದ ಜಾಗ ಹಿಂದೆ. ಎಂಟು ವರ್ಷದಿಂದ ನಾನು ಅಕ್ಕನನ್ನು ಹಬ್ಬಕ್ಕೆ ಕರೆದದ್ದೆಷ್ಟು, ಬಸ್ಸಿನಲ್ಲಿ ಮಾವಿನಹಣ್ಣು ಕಳಿಸಿದ್ದೆಷ್ಟು, ಯಾಕೆ ಹೀಗಿದ್ದೀಯ ಎಂದು ಫೋನಿನಲ್ಲಿ ಗದರಿದ್ದೆಷ್ಟು. ಎಲ್ಲ ನಾನು ಸರಿಯಿದ್ದ ಕಡೆ ನಿಂತು ಎಳೆದದ್ದೇ. ಅವಳ ಕಡೆಗೆ ಹೋಗಿ, ನಡುಮನೆಯ ಖಾಲಿ ಗೂಡಿನ ಕಡೆಯಿಂದ, ಒಂದು ದಿನವೂ ನೋಡಿರಲಿಲ್ಲ.

"ಈಗ ಎಳೀರಿ" ಎಂದ ಬಾಬಣ್ಣ. ಎರಡು ಬೆರಳಿನಲ್ಲಿ ಎಳೆದಷ್ಟೇ. ಕೆಳಗೆಲ್ಲೋ ಒಂದು ಕೊಂಬೆ ಲಟಕ್ಕೆಂದು ಅಲುಗಿದ್ದು ಹಗ್ಗದಲ್ಲಿ ತಿಳಿಯಿತು. ಗರಡಿ ಸುಮ್ಮನೆ ಮೇಲೆ ಬಂತು, ಜೊತೆಗೆ ಒಂದು ಹಿಡಿ ಜಾಲಿ ಮುಳ್ಳು. ಎದೆಗೆ ಅವಚಿಕೊಂಡು ತೆಪ್ಪದೊಳಕ್ಕೆ ಇಳಿಸಿದೆ. ಹಳದಿ ಕ್ಯಾನು ಬಿಚ್ಚಿ ಬಾಬಣ್ಣನಿಗೆ ಕೊಟ್ಟೆ.

ಗರಡಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಅಕ್ಕನ ಮನೆಗೆ ಹೊರಟೆ. ಏರಿಯ ಮೇಲಿನಿಂದ ಅವಳ ಮನೆಗೆ ಒಂದು ಫರ್ಲಾಂಗೂ ಇಲ್ಲ. ಅಷ್ಟರಲ್ಲಿಯೇ ಕಾರನ್ನು ಎರಡು ಸಲ ನಿಲ್ಲಿಸಿದೆ. ಚೊಂಬು ನೀನೇ ಇಟ್ಟುಕೋ ಎನ್ನಬಹುದಿತ್ತು. ಅಕ್ಕನನ್ನು ನಾನು ಬಲ್ಲೆ. ದಾನವಾಗಿ ಕೊಟ್ಟರೆ ಆ ಕ್ಷಣವೇ ತಂದು ನನ್ನ ಮುಂದಿಟ್ಟು "ತಗಳಿ ಮೇಷ್ಟ್ರೇ" ಎನ್ನುತ್ತಾಳೆ. ಗರಡಿ ಕೊಟ್ಟರೂ ಅಷ್ಟೆ, ಒತ್ತೆ ತೀರಿತೆಂದು ಹಿಂದಿರುಗಿಸುತ್ತಾಳೆ. ಚೊಂಬು ಆ ಗೂಡಿನಲ್ಲಿ ಮರ್ಯಾದೆಯಿಂದ ಕೂತಿರಬೇಕಾದರೆ ಇದ್ದದ್ದು ಒಂದೇ ದಾರಿ.

ಅಕ್ಕ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. "ಸಿಕ್ತಾ ಮೇಷ್ಟ್ರೇ?"

"ಇಲ್ಲಕ್ಕ. ಇವತ್ತೂ ಬರ್ಲಿಲ್ಲ. ಬರೋ ವಾರ ನೋಡ್ತೀನಿ."

ಮಕ್ಕಳ ಸುಳ್ಳು ಹಿಡಿದು ನನಗೆ ಅಭ್ಯಾಸ, ಹೇಳಿ ಅಭ್ಯಾಸವಿಲ್ಲ. ಅಕ್ಕ ನನ್ನ ಅಂಗಿಯನ್ನು ನೋಡಿದಳು. ಎದೆಯ ಮೇಲೆ ಕಬ್ಬಿಣದ ತುಕ್ಕಿನ ಗುರುತು ಕೈ ಅಗಲಕ್ಕೆ ಹತ್ತಿತ್ತು. ಆಮೇಲೆ ನನ್ನ ಭುಜದ ಮೇಲಿಂದ ಕೆರೆಯ ಕಡೆ ನೋಡಿದಳು. ಆ ಜಗಲಿಯಿಂದ ಕೆರೆಯ ನಡುಭಾಗವೆಲ್ಲ ಕಾಣುತ್ತದೆ. ಎರಡು ವಾರದಿಂದ ಅಲ್ಲಿ ತೇಲುತ್ತಿದ್ದ ಹಳದಿ ಕ್ಯಾನು ಈಗ ಇರಲಿಲ್ಲ. ಬರೀ ನೀರಿತ್ತು. ಅಕ್ಕ ಬಹಳ ಹೊತ್ತು ಆ ನೀರನ್ನೇ ನೋಡಿದಳು. ಕೈಯಲ್ಲಿದ್ದ ಅವರೆಕಾಯಿ ಹಾಗೆಯೇ ನಿಂತಿತ್ತು.

"ಅಷ್ಟು ಬಿರ್ನೆ ಎಲ್ ಬತ್ತದೆ ಬುಡ್ಲಾ ನಾಗ" ಎಂದಳು. "ಜಾಲಿ ಕಣ್ಲಾ ಅದು. ವಾರವಾರ ಬಂದು ನೋಡ್ತಾ ಇರು."

ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಕುಡಿಯುವ ನೆಪದಲ್ಲಿ ನಾನು ಮುಖ ಮೇಲೆತ್ತಿಕೊಂಡೇ ಇದ್ದೆ.

ಗರಡಿ ಈಗಲೂ ನನ್ನ ಕಾರಿನ ಡಿಕ್ಕಿಯಲ್ಲಿದೆ. ಮನೆಯೊಳಗೆ ಇಡಬಾರದಲ್ಲ. ಹಂಪ್ ಬಂದಾಗಲೆಲ್ಲ ಗಲಗಲ ಎನ್ನುತ್ತದೆ. ಅದೇನು ಸದ್ದೆಂದು ಹೆಂಡತಿ ಕೇಳಿದರೆ ಜಾಕ್ ಇರಬೇಕೆಂದು ಹೇಳುತ್ತೇನೆ. ಒಂದು ಸುಳ್ಳು ಸರಿಯಾಗಿ ಕಚ್ಚಿಕೊಂಡರೆ ಉಳಿದವು ಅದರ ಹಿಂದೆಯೇ ಬರುತ್ತವೆ. ಭಾನುವಾರ ತಪ್ಪಿಸದೆ ಊರಿಗೆ ಹೋಗುತ್ತೇನೆ. ಬಾಬಣ್ಣನ ಗುಂಡುಕಲ್ಲಿನ ತೆಪ್ಪದಲ್ಲಿ ಅರ್ಧ ದಿನ ಗಾಳಿ ಒಯ್ದ ಕಡೆಗೆಲ್ಲ ಜಾರುತ್ತ ಕೂತಿದ್ದು, ಹಸಿವಾದಾಗ ಅಕ್ಕನ ಮನೆಗೆ ಹೋಗುತ್ತೇನೆ. ಹೋದ ಕೂಡಲೇ ಅವಳು, "ಸಿಕ್ತೇನ್ಲಾ?" ಎಂದು ಕೇಳುತ್ತಾಳೆ. "ಇಲ್ಲಕ್ಕ" ಎನ್ನುತ್ತೇನೆ. ಇಬ್ಬರೂ ಕೆರೆಯ ಕಡೆ ನೋಡುವುದಿಲ್ಲ. "ಸರಿ, ಕೈಕಾಲು ತೊಳ್ಕಂಡು ಬಾ, ಉಣ್ಣುವಂತೆ" ಎನ್ನುತ್ತಾಳೆ.